ಕಲ್ಲು ರಾಕ್ಷಸನ ನೆತ್ತಿ

ವಿಡಿಯೋ ಗೇಮು ನಮ್ಮ ಮನೆಗೆ ಬಂದದ್ದು ನನಗಾಗಿ. ಆದರೆ ನಾನು ಕೇಳಿದ್ದು ಕ್ಯಾಲ್ಕುಲೇಟರ್. ಸಂಡೂರಿನ ಅದಿರನ್ನು ಲಾರಿಯಲ್ಲಿ ಬಂದರಿಗೆ ಒಯ್ದು ಸುರಿದು ಬರುತ್ತಿದ್ದ ನಮ್ಮ ಸೋದರಮಾವ, "ಎರಡಕ್ಕೂ ಬಟನ್ ಇರ್ತಾವಲ್ಲ" ಅಂತ ಟಿ.ವಿ.ಗೆ ಸಿಕ್ಕಿಸುವ ಈ ಡಬ್ಬಿಯನ್ನು ತಂದುಕೊಟ್ಟ. ಪಿಯುಸಿ ಓದುವ ಹುಡುಗಿಗೆ ಇದನ್ನು ತಂದವನ ತಲೆಯಲ್ಲಿ ಮೆದುಳಿರುವ ಜಾಗದಲ್ಲೂ ಅದಿರೇ ತುಂಬಿರಬೇಕು ಎಂದು ಸಿಡುಕಿದೆ. ನನಗೆ ಆಗಲೂ ಈಗಲೂ ಸಿಟ್ಟು ಮೂಗಿನ ತುದಿಯಲ್ಲೇ.

ಅದನ್ನು ಕೈಗೆತ್ತಿಕೊಂಡವನು ಅಪ್ಪ. ಯಶವಂತನಗರದ ಕಡೆಯ ಗಣಿಯಲ್ಲಿ ಬಂಡೆಗೆ ತೂತು ಕೊರೆಯುವ ಮಿಷನ್ ಹಿಡಿದು ಬದುಕಿದವನು. ಎದೆಯಲ್ಲಿ ಧೂಳು ಕೂತು ಅವನು ಕೆಲಸ ಬಿಟ್ಟ ಮೇಲೆ ನಾವೆಲ್ಲ ಹೊಸಪೇಟೆಗೆ ಬಂದಿದ್ದೆವು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ವಾಸಿ ಆಗೋದಲ್ಲ, ಧೂಳಿಂದ ದೂರ ಇರ್ರಿ" ಎಂದಿದ್ದರು. ಊರ ತುಂಬ ಅದಿರು ಲಾರಿಗಳೇ ಓಡುತ್ತಿದ್ದ ಕಾಲ. ಹಗ್ಗದ ಮೇಲೆ ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಹೊಸಪೇಟೆಯಲ್ಲಿ ಧೂಳಿನಿಂದ ದೂರ ಇರಬೇಕೆಂದರೆ ಡ್ಯಾಮಿನ ನೀರೊಳಗೆ ಹೋಗಿ ಕೂರಬೇಕಿತ್ತು. ಅವ್ವ ಕಿಟಕಿಗಳಿಗೆ ಒದ್ದೆ ಸೀರೆ ಕಟ್ಟಿದಳು, ಅಪ್ಪ ಅದರ ಹಿಂದೆ ಟಿ.ವಿ. ಮುಂದೆ ಕೂತ.

ಆಟ ಸರಳ. ಟೋಪಿ ಹಾಕಿಕೊಂಡ ಸಣ್ಣ ಮನುಷ್ಯನೊಬ್ಬ ಗುಂಡಿ ಹಾರಿ, ಗೋಡೆ ಹತ್ತಿ ಮುಂದೆ ಹೋಗಬೇಕು. ಪ್ರತಿ ಘಟ್ಟದ ಕೊನೆಗೂ ಒಬ್ಬ ರಾಕ್ಷಸ. ಅವನಿಗೆ ಎಲ್ಲೆಂದರಲ್ಲಿ ಹೊಡೆದರೆ ಏನೂ ಆಗುವುದಿಲ್ಲ. ಒಬ್ಬನಿಗೆ ಬಾಲದಲ್ಲಿ ಜೀವ, ಇನ್ನೊಬ್ಬ ಹಿಂದೆ ತಿರುಗಿದಾಗ ಮಾತ್ರ ಸಾಯುತ್ತಾನೆ. ಅದು ಎಲ್ಲಿ ಎಂದು ಯಾರೂ ಹೇಳುವುದಿಲ್ಲ, ಸತ್ತು ಸತ್ತು ಕಲಿಯಬೇಕು. ಮೂರು ಪ್ರಾಣ ಮುಗಿದರೆ ಅಥವಾ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಮ್ಮ ಓಣಿಯಲ್ಲಿ ಕರೆಂಟಂತೂ ಹೇಳದೆ ಕೇಳದೆ ಹೋಗುತ್ತಿತ್ತು.

ಕೊನೆಯವನು ಕಲ್ಲು ರಾಕ್ಷಸ. ಕೋಟೆಯ ಮೇಲೆ ನಿಂತು ಎರಡೂ ಕೈಯೆತ್ತಿ ಬಂಡೆ ಎಸೆಯುತ್ತಿದ್ದ. ಅವನನ್ನು ಕೊಲ್ಲಲಾಗದೆ ನಾನು ಜಾಯ್‌ಸ್ಟಿಕ್ಕು ಒಗೆದು ಎದ್ದು ಹೋಗುತ್ತಿದ್ದೆ. ಅಪ್ಪನದು ಬೇರೆ ದಾರಿ. ಗಣಿಯಲ್ಲಿ ಕೊರೆಯುವ ಮೊದಲು ಬಂಡೆಯನ್ನು ರಾಡಿನಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳುತ್ತಾರಂತೆ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿರುಕು. ಅಪ್ಪ ರಾಕ್ಷಸನನ್ನೂ ಹಾಗೇ ತಟ್ಟಿದ. ಒಂದು ದಿನ ಪಾದ, ಒಂದು ದಿನ ಮೊಣಕಾಲು, ಒಂದು ದಿನ ಬೆನ್ನು.

"ಬಿರುಕಿಲ್ಲದ ಕಲ್ಲು ನಾ ನೋಡಿಲ್ಲವ್ವಾ. ಇವಂಗೂ ಎಲ್ಲೋ ಐತಿ" ಅನ್ನುತ್ತಿದ್ದ.

ಕಷ್ಟವಿದ್ದದ್ದು ಅಪ್ಪನ ಎದೆಯಲ್ಲಿ. ಬಂಡೆ ಉರುಳಿ ಬರುವಾಗ ಉಸಿರು ಬಿಗಿಹಿಡಿಯುತ್ತಿದ್ದ, ಹಿಡಿದ ಕೂಡಲೇ ಕೆಮ್ಮು ಬರುತ್ತಿತ್ತು, ಹೆಬ್ಬೆರಳು ಜಾರಿ ಟೋಪಿಯವನು ಸಾಯುತ್ತಿದ್ದ. ನಾನು ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ಕೂರುತ್ತಿದ್ದೆ. ಅಪ್ಪನ ಕೆಮ್ಮನ್ನು ನಾನು ಕೆಮ್ಮಲಾಗುತ್ತಿರಲಿಲ್ಲ, ಅಪ್ಪನ ಆಟವನ್ನು ಆಡುವ ತಾಳ್ಮೆಯೂ ನನಗಿರಲಿಲ್ಲ. ನೋಡುತ್ತಾ ಕೂರುವುದೊಂದೇ ನನ್ನ ಪಾಲಿನ ಕೆಲಸ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಬಿರುಕು ಸಿಕ್ಕಿತು. ಬಂಡೆ ಎಸೆದು ದಣಿದ ರಾಕ್ಷಸ ರೆಪ್ಪೆ ಬಡಿಯುವಷ್ಟು ಹೊತ್ತು ತಲೆ ತಗ್ಗಿಸುತ್ತಾನೆ. ಆಗ ಪೂರ್ತಿ ಎತ್ತರಕ್ಕೆ ಹಾರಿ ನೆತ್ತಿ ತುಳಿಯಬೇಕು. ಅಪ್ಪ ತುಳಿದ. ಟಿ.ವಿ. ತುಂಬ ಮಿಂಚು, ರಾಕ್ಷಸ ಕೆಂಪಗಾದ. ಇನ್ನೊಮ್ಮೆ ತುಳಿಯುವಷ್ಟರಲ್ಲಿ ಕೆಮ್ಮು ಬಂದು ಟೋಪಿಯವನು ಸತ್ತ. ಆದರೂ ಅಪ್ಪ ಕೆಮ್ಮಿನ ನಡುವೆಯೇ ನಗುತ್ತಿದ್ದ. ಕೆಲಸ ಬಿಟ್ಟ ಮೇಲೆ ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನೆತ್ತಿ! ನೆತ್ತಿ ಐತಿ ಅವಂಗ! ಹಬ್ಬ ಮುಗೀಲಿ, ಮುಗಸ್ತೀನಿ ಅವನ್ನ" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದ.

ಮರುದಿನ ಪೂಜೆ. ನಮ್ಮ ಕಡೆ ಅವತ್ತು ದುಡಿಯುವ ಸಾಮಾನು ಒಂದೂ ಬಿಡುವಂತಿಲ್ಲ. ಈಳಿಗೆ, ಕತ್ತರಿ, ಅಪ್ಪನ ಹಳೇ ಹೆಲ್ಮೆಟ್ಟು, ರಾಡು, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲವನ್ನೂ ಅವ್ವ ಮಣೆಯ ಮೇಲೆ ಜೋಡಿಸಿದಳು. ಪಕ್ಕದಲ್ಲಿ ಜಾಯ್‌ಸ್ಟಿಕ್ಕನ್ನೂ ಇಟ್ಟಳು. ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡು ಹೂವು. ಆಮೇಲೆ ಕಾಯಿ ಒಡೆದು ಅದರ ನೀರನ್ನು ಮೇಲೆ ಹಾಕಿದಳು. ಅವತ್ತು ಪೂರ್ತಿ ಯಾವುದನ್ನೂ ಮುಟ್ಟಬಾರದು, ಯಾರೂ ಮುಟ್ಟಲಿಲ್ಲ.

ಮೂರನೆಯ ದಿನ ಅಪ್ಪ ಕೂತ. ಹಾರುವ ಬಟನ್ ಒತ್ತಿದರೆ ಟೋಪಿಯವನು ಕಾಲು ಕೆರೆದಂತೆ ಒಂಚೂರು ಕುಣಿದು ನಿಂತುಬಿಟ್ಟ. ಅವ್ವ ಕಾಯಿಪಲ್ಲೆಗೆ ಹೋಗಿದ್ದಳು. ನಾನು ಜಾಯ್‌ಸ್ಟಿಕ್ಕಿನ ಸ್ಕ್ರೂ ಬಿಚ್ಚಿದೆ. ಒಳಗೆಲ್ಲ ಅಂಟು, ಕುಂಕುಮ ಕಲಸಿ ಕೆಂಪು ರಾಡಿ. ಸ್ಪಿರಿಟಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಬಟನ್ನಿನ ಕೆಳಗೆ ಕರೆಂಟು ಹಾಯಿಸುವ ಕಪ್ಪು ಬಣ್ಣವೂ ಕಿತ್ತು ಬಂತು. ಅದರ ವೈರು ಡಬ್ಬಿಗೇ ಅಂಟಿದ್ದು, ಬೇರೆಯದನ್ನು ಸಿಕ್ಕಿಸುವಂತೆಯೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಬರ್ಲಿ ಅವ್ವ, ಕೇಳ್ತೀನಿ! ಯಾರರ ಕರೆಂಟಿನ ಸಾಮಾನಿಗೆ ನೀರು ಹಾಕ್ತಾರೇನು?" ಎಂದು ಕೂಗಾಡಿದೆ.

ಅಪ್ಪ ನನ್ನ ಬೆರಳಿಗೆ ಮೆತ್ತಿದ್ದ ಕುಂಕುಮವನ್ನೇ ನೋಡುತ್ತಾ ಇದ್ದ. "ಅವ್ವಗ ಹೇಳಬ್ಯಾಡ. ಹೇಳಿದ್ರ ನನ್ನಾಣಿ" ಎಂದ.

ಅದಾದ ಮೇಲೂ ಅಪ್ಪ ದಿನವೂ ಆಡಿದ. ಬಟನ್ ಹಲವು ಸಲ ಒತ್ತಿದರೆ ಒಮ್ಮೆ ನೆಟ್ಟಗೆ ಹಾರುತ್ತಿತ್ತು. ಗುಂಡಿಯ ಅಂಚಿನಲ್ಲಿ ನಿಂತು ಆ ಒಮ್ಮೆಗಾಗಿ ಕಾಯುತ್ತಿದ್ದ. ಗುಂಡಿ ಕಾಯುತ್ತದೆ, ರಾಕ್ಷಸ ಕಾಯುವುದಿಲ್ಲ. ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ, ಕರೆಂಟೂ ಹೋಗದೆ, ಅಪ್ಪ ಕೋಟೆಯ ತುದಿ ಮುಟ್ಟಿದ. ರಾಕ್ಷಸ ಎಸೆದ, ದಣಿದ, ತಲೆ ತಗ್ಗಿಸಿದ. ಅಪ್ಪ ಒತ್ತಿದ. ಹಾರಲಿಲ್ಲ. ಮತ್ತೆ ತಗ್ಗಿಸಿದ, ಮತ್ತೆ ಒತ್ತಿದ. ಆ ನೆತ್ತಿ ನಮ್ಮಿಬ್ಬರ ಕಣ್ಣೆದುರೇ ಬಾಗುತ್ತಿತ್ತು, ಏಳುತ್ತಿತ್ತು. ಅಪ್ಪನ ಹೆಬ್ಬೆರಳು ಬೆಳ್ಳಗಾಗುವಷ್ಟು ಅದುಮಿದರೂ ಟೋಪಿಯವನ ಕಾಲು ನೆಲ ಬಿಡಲಿಲ್ಲ. ನನಗೆ ಅಳು ಬಂತು. ಒಂದು ಆಟಕ್ಕೆ ಅಳುವುದೇ ಎಂದು ನಾಚಿಕೆಯೂ ಆಯಿತು.

ಅಡುಗೆಮನೆಯಿಂದ ಅವ್ವ ಬರುವ ಹೆಜ್ಜೆ ಕೇಳಿಸಿತು. ನಾನು ಎದ್ದು ಟಿ.ವಿ. ಆರಿಸಿದೆ.

"ಯಾಕ ಆರಿಸಿದ್ರಿ? ಸತ್ತನೇನ್ರೀ ಅಂವಾ?" ಎಂದು ಅವ್ವ ಬಾಗಿಲಲ್ಲೇ ನಿಂತು ಕೇಳಿದಳು.

ಅಪ್ಪ ನನ್ನ ಮುಖ ನೋಡಲಿಲ್ಲ. "ಸತ್ತ" ಎಂದ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ನೇರ ದೇವರ ಗೂಡಿನ ಹತ್ತಿರ ಹೋದಳು. ಒಂದು ಬಟ್ಟಲು ಸಕ್ಕರೆ ಇಟ್ಟು ಕೈಮುಗಿದು, ಅದನ್ನೇ ತಂದು ನಮ್ಮಿಬ್ಬರ ಅಂಗೈಗೂ ಹಾಕಿದಳು.

"ಹಬ್ಬದ ದಿನ ಬೇಡ್ಕೊಂಡಿದ್ದೆ ನಾನು. ಇವರ ಕೈಲಿ ಆ ರಾಕ್ಷಸ ಸತ್ರ, ಇವರ ಎದಿಯಾಗಿನ ಕೆಮ್ಮೂ ಹೋಗ್ಲಿ ಅಂತ. ಅದಕ್ಕ ಆ ಜಾಯ್‌ಸ್ಟಿಕ್ಕಿನ ಮ್ಯಾಲ ಒಂದು ಇಡೀ ಕಾಯಿ ನೀರು ಹಾಕಿದ್ದೆ. ಇನ್ನ ಹೋಗ್ತದ ನೋಡ್ರಿ" ಎಂದಳು.

ಅಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡ. ಕೆಮ್ಮು ಗಂಟಲಿಗೆ ಬಂದದ್ದು ನನಗೆ ಕಂಡಿತು. ಕಣ್ಣು ಕೆಂಪಾಗಿ ನೀರು ಬಂತು, ಕುತ್ತಿಗೆಯ ನರ ಉಬ್ಬಿತು. ಅವ್ವ ಬಟ್ಟಲು ತೊಳೆಯಲು ಹಿತ್ತಿಲಿಗೆ ಹೋಗುವವರೆಗೂ ಅಪ್ಪ ಬಾಯಿ ತೆರೆಯಲಿಲ್ಲ.