ಚಿಕ್ಕ ಪೆಟ್ಟಿಗೆಯ ಬಾದಾಮಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೆಳಗಿನ ಮನೆಯ ಮಿಕ್ಸಿ ನಿಂತಿತು. ಆಗ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಹೊರಗೆ ಆಗಲೇ ಕತ್ತಲಾಗಿತ್ತು. ಡಿಸೆಂಬರ್ ತಿಂಗಳಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ ಸಂಜೆಯೋ ರಾತ್ರಿಯೋ ಎಂದು ತಿಳಿಯಲು ಗಡಿಯಾರವನ್ನೇ ಕೇಳಬೇಕು. ಆ ಮಿಕ್ಸಿ ದಾವಣಗೆರೆಯಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಅದು ತಿರುಗಿದರೆ ಮೇಲೆ ನನ್ನ ಅಡುಗೆಮನೆಯ ಲೋಟಗಳು ಸಣ್ಣಗೆ ಅದುರುತ್ತವೆ. ನಿಂತ ಮೇಲೆ ಎಂದಿನಂತೆ ಒಂದು ನೆಮ್ಮದಿ. ಅದರಲ್ಲಿ ಏನನ್ನು ಅರೆದಿದ್ದರೆಂದು ನನಗಿನ್ನೂ ಗೊತ್ತಿರಲಿಲ್ಲ.

ಕೆಳಗಿನ ಮನೆಯವರು ನಮ್ಮ ಕನ್ನಡದವರೇ. ನಾನು ಅಕ್ಕ ಎನ್ನುವಾಕೆ, ಅವರ ಗಂಡ, ಆರು ವರ್ಷದ ಮಗಳು. ಮೂರು ತಿಂಗಳಿಗೆಂದು ಬಂದಿದ್ದ ಅಕ್ಕನ ತಾಯಿಯನ್ನು ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ. ಅವರು ಮುಂದಿನ ವಾರ ಊರಿಗೆ ಹೊರಡಬೇಕಿತ್ತು. ಊರಲ್ಲಿ ಸಣ್ಣ ಸೊಸೆ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ. ಬಾಣಂತಿಗೆ, ನೆಂಟರಿಗೆ, ಓಣಿಯವರಿಗೆ ಏನಾದರೂ ಒಯ್ಯಬೇಕು. ಆ ಶನಿವಾರ ಅವರನ್ನು ಪೇಟೆಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಲುಂಡ್‌ಗೆ ಹೊಸದಾಗಿ ಬಂದ ಕನ್ನಡದವರೆಲ್ಲ ಎಲ್ಲಿ ಏನು ಸಿಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದರು. ಹೇಳುವುದರಲ್ಲಿ ನನಗೂ ಖುಷಿಯಿತ್ತು.

ಬೆಳಿಗ್ಗೆ ಚೌಕದ ಸಂತೆಯಿಂದ ಶುರು. ತರಕಾರಿ ಅಲ್ಲೇ ಕೊಳ್ಳಬೇಕು, ಅದೂ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಗಾಡಿಯವರು ಬುಟ್ಟಿಗಟ್ಟಲೆ ಕೊಟ್ಟುಬಿಡುತ್ತಾರೆ. ಅಮ್ಮ ಕೈಗವಸು ತೆಗೆದು ಒಂದೊಂದೇ ಬದನೆಕಾಯಿ ಒತ್ತಿ ನೋಡಿದರು. ಗಾಡಿಯವನು ಅರಬ್ಬಿಯಲ್ಲಿ ಗೊಣಗಿದ. ಅಮ್ಮ ಕನ್ನಡದಲ್ಲಿ ತಿರುಗೇಟು ಕೊಟ್ಟರು: "ಒತ್ತದೇ ತಗಳಾಕೆ ಇದೇನು ಬಂಗಾರ ಏನಪ್ಪಾ?" ಇಬ್ಬರೂ ನಕ್ಕರು, ಎರಡು ಬದನೆಕಾಯಿ ಹೆಚ್ಚು ಬಂತು. ಚೌಕದ ಪಕ್ಕದ ಮುಚ್ಚಿದ ಮಾರುಕಟ್ಟೆಯಲ್ಲಿ ಚೀಸು, ಮೀನು, ಹೊಗೆ ಹಾಕಿದ ಮಾಂಸ. ಅಮ್ಮ ಸೆರಗು ಮೂಗಿಗಿಟ್ಟು ಅವುಗಳ ನಡುವೆ ಹಾದು ಆಚೆಗೆ ಓಡಿಬಿಟ್ಟರು. ಸ್ಟೇಷನ್ ಹಿಂದಿನ ಇರಾನಿ ಅಂಗಡಿಯಲ್ಲಿ ಕಟ್ಟುಗಟ್ಟಲೆ ಕೊತ್ತಂಬರಿ, ಮೆಂತ್ಯ, ದೊಡ್ಡ ಚೀಲದ ಅಕ್ಕಿ.

ಉಡುಗೊರೆಗೆ ಹೊಸ ಅಂಗಡಿಗಳಿಗಿಂತ ಹಳೆಯ ಸಾಮಾನಿನ ಅಂಗಡಿಗಳೇ ಮೇಲು ಎನ್ನುವುದು ನನ್ನ ನಂಬಿಕೆ. ಕೆಂಪು ಬಣ್ಣದ ಮರದ ಕುದುರೆಗಳು, ಬೆಣ್ಣೆ ಹಚ್ಚುವ ಮರದ ಚಾಕುಗಳು, ದಪ್ಪ ಗಾಜಿನ ದೀಪದ ಬಟ್ಟಲುಗಳು ಅಲ್ಲಿ ಚೆನ್ನಾಗಿ ಸಿಗುತ್ತವೆ. ಕುದುರೆಗಳನ್ನು ನೋಡಿ ಅಮ್ಮ, "ಇವ್ಕೆ ಬಾಲಾನೇ ಇಲ್ಲಲ್ಲೇ! ನಮ್ಮೂರಿನ ಹುಡುಗ್ರು ನಗ್ತಾವೆ" ಎಂದರು. ಎಂದವರೇ ನಾಲ್ಕು ಕುದುರೆ ಕೊಂಡರು.

ಕೊನೆಗೆ ಮನೆ ಹತ್ತಿರದ ಸೂಪರ್‌ಮಾರ್ಕೆಟ್. ಬಾಗಿಲಲ್ಲೇ ನನ್ನನ್ನು ತಡೆದರು.

"ನೀ ಇಲ್ಲೇ ಚೀಲ ಹಿಡ್ಕಂಡು ನಿಂದ್ರು. ನಾನೊಬ್ಳೇ ಹೋಗಿ ಬರ್ತೀನಿ. ಹೇ ಅಂತೀನಿ, ತಾಕ್ ಅಂತೀನಿ, ಕಾರ್ಡ್ ತೋರಿಸ್ತೀನಿ. ಇನ್ನೇನೈತೆ?"

ನಮಸ್ಕಾರಕ್ಕೆ ಹೇ, ಧನ್ಯವಾದಕ್ಕೆ ತಾಕ್ ಎಂದು ಮೂರು ತಿಂಗಳಲ್ಲಿ ಕಲಿತದ್ದನ್ನು ಒಮ್ಮೆ ಒಬ್ಬರೇ ಮಾಡಿ ನೋಡುವ ಆಸೆ. ಒಳಗಿಂದ ಬರುವಾಗ ಪರೀಕ್ಷೆ ಪಾಸಾದವರ ಮುಖ. ಚೀಲ ಎದೆಗವಚಿಕೊಂಡಿದ್ದರು. ಏನು ಕೊಂಡಿರಿ ಎಂದರೆ, "ತಡಿ, ಆಮೇಲೆ" ಎಂದರು.

ಮನೆಯ ಮೆಟ್ಟಿಲ ಬಳಿ ಚೀಲದಿಂದ ಒಂದು ಪುಟ್ಟ ಕಾಗದದ ಪೆಟ್ಟಿಗೆ ತೆಗೆದು ನನ್ನ ಕೋಟಿನ ಜೇಬಿಗೆ ತುರುಕಿದರು. ಅಂಗೈ ಅಗಲದ್ದು, ಮೇಲೆ ಬಾದಾಮಿಯ ಚಿತ್ರ.

"ರಾತ್ರಿ ನೆನೆಸಿ ಬೆಳಿಗ್ಗೆ ತಿನ್ನವ್ವ. ಕಂಪ್ಯೂಟರ್ ನೋಡಿ ನೋಡಿ ನಿನ್ ಕಣ್ಣು ಗುಳಿ ಬಿದ್ದಾವೆ. ದೊಡ್ಡ ಪ್ಯಾಕೆಟ್ನಾಗೂ ಇದ್ವು, ಅವು ಸಾಮಾನ್ಯ. ಇವ್ನ ಕೇಸರಿ ಇಟ್ಟಂಗೆ ಚಿಕ್ಕ ಪೆಟ್ಟಿಗೇಲಿ ಇಟ್ಟಾರೆ ಅಂದ್ರೆ ಭಾರೀ ಮಾಲೇ ಇರ್ಬೇಕು. ಬಾಣಂತಿಗೂ ತಗಂಡೀನಿ."

ಜೇಬಿಗೆ ಬಂದ ಪೆಟ್ಟಿಗೆಯನ್ನು ನಾನು ತೆಗೆದು ನೋಡಲಿಲ್ಲ. ಉಡುಗೊರೆಯನ್ನು ಕೊಟ್ಟವರ ಎದುರಿಗೇ ತಿರುಗಿಸಿ ನೋಡುವವರು ಯಾರು?

ಮಿಕ್ಸಿ ನಿಂತ ಮೇಲೆ ಕಾಫಿ ಮಾಡಿಕೊಂಡೆ. ಬಾಗಿಲ ಹಿಂದೆ ನೇತಾಡುತ್ತಿದ್ದ ಕೋಟು ನೋಡಿ ಪೆಟ್ಟಿಗೆಯ ನೆನಪಾಯಿತು. ನೆನೆಸಲು ಬಟ್ಟಲಿಗೆ ನೀರು ಹಾಕಿ, ಪೆಟ್ಟಿಗೆಯ ಅಂಚು ಹರಿದೆ. ಬಂದದ್ದು ಬೇಕರಿಯ ವಾಸನೆ. ಆಮೇಲೆ ಹೆಸರು ಓದಿದೆ. ಬಿಟ್ಟರ್‌ಮಂಡೆಲ್. ಕಹಿ ಬಾದಾಮಿ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಎಚ್ಚರಿಕೆ.

ನಮ್ಮ ಆಫೀಸಿನ ಫೀಕಾ ಹೊತ್ತಿಗೆ, ಎಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿಗೆ, ಕೇಕ್ ಮಾಡಿ ತರುವ ಸಹೋದ್ಯೋಗಿಯೊಬ್ಬ ಇದರ ಬಗ್ಗೆ ಹೇಳಿದ್ದ. ಇಡೀ ಕೇಕಿಗೆ ಒಂದೇ ಒಂದನ್ನು ತುರಿದು ಹಾಕುತ್ತೇವೆ, ಪರಿಮಳಕ್ಕೆ. ಹಸಿಯಾಗಿ ಹಿಡಿಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ, ಎಂದು ನಕ್ಕಿದ್ದ. ನಾವೂ ನಕ್ಕಿದ್ದೆವು.

ಈಗಷ್ಟೇ ನಿಂತ ಆ ಮಿಕ್ಸಿ ಏನನ್ನು ಅರೆದಿತ್ತು? ಮೆಟ್ಟಿಲು ಇಳಿದದ್ದು ನೆನಪಿಲ್ಲ. ಕೆಳಗಿನ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಕ್ಕ ಮತ್ತು ಗಂಡ ಅಮ್ಮನಿಗೆ ಇನ್ನೊಂದು ಸೂಟ್‌ಕೇಸ್ ತರಲು ಊರಾಚೆಯ ಮಾಲ್‌ಗೆ ಹೋಗಿದ್ದರು. ಹುಡುಗಿ ಅಡುಗೆಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ, ತುಟಿಯ ಮೇಲೆ ಹಾಲಿನ ಮೀಸೆ.

"ಯೆಟ್ಟೆಗೊಟ್!" ಎಂದಳು ನನ್ನನ್ನು ನೋಡಿ. ತುಂಬಾ ರುಚಿ ಎಂದು. "ಆಂಟಿ, ಇದು ಬನ್ ಒಳಗಡೆ ಇರತ್ತಲ್ಲಾ, ಮಂಡೆಲ್‌ಮಾಸ್ಸಾ, ಸೇಮ್ ಹಂಗೇ ಇದೆ!"

ನಮ್ಮ ಊರಿನ ಯಾವ ಮಗುವಾದರೂ ಮೊದಲ ಗುಟುಕಿಗೇ ಉಗುಳುತ್ತಿತ್ತು. ಇವಳು ಇಲ್ಲಿ ಹುಟ್ಟಿ ಬೆಳೆದವಳು. ಬನ್ನಿನೊಳಗಿನ ಬಾದಾಮಿ ಹೂರಣದ ಆ ವಾಸನೆ ಇವಳಿಗೆ ಹಬ್ಬದ ವಾಸನೆ. ಲೋಟ ಕಸಿದುಕೊಂಡೆ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

"ಅಯ್ಯೋ, ನಿಂಗೂ ಐತೆ ಕಣೇ, ಮಗು ಕೈಯಿಂದ ಯಾಕೆ ಕಸ್ಕಂತಿ?" ಎಂದು ಅಮ್ಮ ನಕ್ಕರು.

"ಅಮ್ಮಾ, ನೀವು ಕುಡಿದ್ರಾ?"

"ಇಲ್ಲ, ಅವ್ಳಿಗೇ ಮೊದ್ಲು ಕೊಟ್ಟೆ."

"ಎಷ್ಟು ಬಾದಾಮಿ ಹಾಕಿದ್ರಿ?"

"ಒಂದು ಹಿಡಿ. ಯಾಕೆ?"

"ಇದು ತಿನ್ನೋ ಬಾದಾಮಿ ಅಲ್ಲ ಅಮ್ಮಾ. ವಿಷ."

"ಬಾದಾಮೀಲಿ ವಿಷಾನಾ? ಚೆಂದ ಹೇಳ್ತಿ ಬಿಡು" ಎಂದರು. ಆಮೇಲೆ ನನ್ನ ಬರಿಗಾಲು ನೋಡಿದರು. ನಗು ಹೋಯಿತು.

ತುರ್ತು ಸೇವೆಯ ನೂರಾ ಹನ್ನೆರಡಕ್ಕೆ ಫೋನ್ ಮಾಡಿದೆ. ಅತ್ತಲಿನ ಹೆಂಗಸು ಮಗುವಿನ ವಯಸ್ಸು, ತೂಕ, ಕುಡಿದ ಹೊತ್ತು ಕೇಳಿದಳು. ಎಷ್ಟು ಬಾದಾಮಿ? ಒಂದು ಹಿಡಿ. ಯಾರ ಹಿಡಿ? ಅಮ್ಮನ ಕೈ ಹಿಡಿದು ಬಿಡಿಸಿ ನೋಡಿದೆ. ಸಣ್ಣ ಕೈ, ಆದರೆ ಅಗಲ. ಸುಮಾರಾಗಿ ಹೇಳಿದೆ. ಅತ್ತ ಕೀಬೋರ್ಡಿನ ಸದ್ದು. ಆ ಸದ್ದನ್ನು ನಾನು ಇವತ್ತಿಗೂ ಕೇಳುತ್ತಿದ್ದೇನೆ. ಆಂಬುಲೆನ್ಸ್ ಹೊರಟಿದೆ, ವಾಂತಿ ಮಾಡಿಸಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಫೋನ್ ಇಡಬೇಡಿ ಎಂದಳು.

ಏನೂ ಆಗಲಿಲ್ಲ. ಅದೇ ಭಯ. ಹುಡುಗಿ ಕಟ್ಟೆಯ ಮೇಲೆ ಹಾಡು ಗುನುಗುತ್ತಲೇ ಇದ್ದಳು. ಕಿಟಕಿಯಲ್ಲಿ ಎದುರು ಮನೆಗಳ ಹಬ್ಬದ ದೀಪಗಳು. ನಾನು ಸುಮ್ಮನೆ ಹೆದರಿಸಿದೆನೇನೋ ಎನಿಸಿತು. ಹಾಗೇ ಆಗಲಿ, ಎಲ್ಲರೂ ನನ್ನನ್ನು ಆಡಿಕೊಳ್ಳಲಿ ಎಂದು ಬೇಡಿಕೊಂಡೆ. ಆಮೇಲೆ ಅವಳು ಹಾಡು ನಿಲ್ಲಿಸಿದಳು.

"ಅಜ್ಜಿ, ತಲೆ ನೋಯ್ತಿದೆ" ಎಂದಳು. ಆಕಳಿಸಿದಳು. ಉಸಿರು ಓಡಿ ಬಂದವಳಂತೆ ಜೋರಾಯಿತು. ಕಟ್ಟೆಯಿಂದ ಇಳಿಸಿಕೊಂಡಾಗ ನನ್ನ ಹೆಗಲ ಮೇಲೆ ವಾಂತಿ ಮಾಡಿದಳು. ಮತ್ತೆ ಅದೇ ಬೇಕರಿಯ ವಾಸನೆ, ಸಿಹಿಯಾಗಿ.

ಆಂಬುಲೆನ್ಸಿನವರು ಬಂದಾಗ ಪೆಟ್ಟಿಗೆಯನ್ನು ಅವರ ಕೈಗಿಟ್ಟೆ. ಓದಿದವಳ ಮುಖ ಬದಲಾಗಲಿಲ್ಲ, ಕೈ ಮಾತ್ರ ಬೇಗ ಬೇಗ ಆಡತೊಡಗಿತು. ಮಗುವಿನ ಮೂಗು ಬಾಯಿಗೆ ಆಮ್ಲಜನಕ ಇಟ್ಟು ಎತ್ತಿಕೊಂಡು ಹೋದರು.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಮಾಲ್‌ನಿಂದ ನೇರವಾಗಿ ಬಂದ ಅಕ್ಕ ಗೋಡೆಗೆ ಹಣೆಯಿಟ್ಟು ನಿಂತಿದ್ದರು. ಅವರ ಗಂಡ ಒಳಗಿದ್ದರು. ಮಗುವಿನ ರಕ್ತನಾಳಕ್ಕೆ ವಿಷ ಇಳಿಸುವ ಕೆಂಪು ಔಷಧಿ ಹನಿಸುತ್ತಿದ್ದರು. ಅಮ್ಮ ಬೆಂಚಿನ ತುದಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು, ಅವು ಬೇರೆ ಯಾರದೋ ಕೈಗಳು ಎಂಬಂತೆ. ನನ್ನ ಕಡೆ ತಿರುಗದೆಯೇ ಹೇಳಿದರು:

"ಬೆರಳಿಗೆ ಹಚ್ಕಂಡು ರುಚಿ ನೋಡಿದ್ದೆ ಕಣವ್ವ. ಕಹಿ ಅನ್ನಿಸ್ತು. ಇಲ್ಲೀವು ಹಿಂಗೇ ಇರ್ಬೇಕು ಅಂತ ಇನ್ನೊಂದು ಚಮಚ ಸಕ್ಕರೆ ಹಾಕ್ದೆ."

ಅವರ ಪಕ್ಕ ಕೂತೆ.

ಮಗು ಉಳಿಯಿತು. ಮರುದಿನ ಮಧ್ಯಾಹ್ನ ಅವಳು ಸ್ವೀಡಿಷ್‌ನಲ್ಲಿ ನರ್ಸ್ ಜೊತೆ ಜಗಳವಾಡಿದಳು ಎಂದು ಅಕ್ಕ ಫೋನಿನಲ್ಲಿ ಹೇಳಿ ಅತ್ತರು. ಊರಿಗೆ ಒಯ್ಯಲು ಇಟ್ಟಿದ್ದ ಉಳಿದ ಪೆಟ್ಟಿಗೆಗಳನ್ನು ತೆಗೆದುಹಾಕಲು ನನ್ನನ್ನೇ ಕೇಳಿಕೊಂಡರು. ಸೂಟ್‌ಕೇಸ್ ತೆರೆದೆ. ಬಾಲವಿಲ್ಲದ ಕುದುರೆಗಳ ನಡುವೆ, ಊರಿನ ಹಸುಗೂಸಿಗೆಂದು ಕೊಂಡ ಟೋಪಿಯಲ್ಲಿ ಜೋಪಾನವಾಗಿ ಸುತ್ತಿ ಇಟ್ಟಿದ್ದರು. ಒಂದು ವಾರ ಕಳೆದಿದ್ದರೆ ಅವು ದಾವಣಗೆರೆಯಲ್ಲಿ, ಬಾಣಂತಿಯ ಕೋಣೆಯಲ್ಲಿ, ಯಾರಿಗೂ ಓದಲು ಬಾರದ ಅಕ್ಷರಗಳೊಂದಿಗೆ ತೆರೆದುಕೊಳ್ಳುತ್ತಿದ್ದವು.

ಮಗು ಮನೆಗೆ ಬಂದ ಮೇಲೂ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಮಿಕ್ಸಿ ನಿಲ್ಲುತ್ತಿತ್ತು. ನಾನು ಕಾಫಿ ಮಾಡಿಕೊಳ್ಳುತ್ತಿದ್ದೆ. ಕೆಲವು ಸಲ ಕೋಟಿನ ಕಡೆ ನೋಡುವುದನ್ನೇ ಮರೆಯುತ್ತಿದ್ದೆ, ಕೆಳಗೆ ಹಾಡು ತಾನಾಗಿಯೇ ನಿಲ್ಲುತ್ತಿತ್ತು. ಹಗಲಿನಲ್ಲಿ ಪೇಟೆಗೆ ಹೋದರೂ ಬಿಡುಗಡೆಯಿಲ್ಲ. ಕ್ರಿಸ್‌ಮಸ್ ಹತ್ತಿರವಾಗಿ ಪ್ರತಿ ಬೇಕರಿಯ ಬಾಗಿಲೂ ಅದೇ ವಾಸನೆ ಉಸಿರಾಡುತ್ತಿತ್ತು. ರಸ್ತೆ ದಾಟಿ ನಡೆಯತೊಡಗಿದೆ. ಹೊಸಬರು ಎಲ್ಲಿ ಏನು ಸಿಗುತ್ತದೆ ಎಂದು ಕೇಳಿದರೆ ಮೊದಲು ಬಾದಾಮಿಯ ವಿಷಯ ಹೇಳಿ, ಆಮೇಲೆ ಕೊತ್ತಂಬರಿಗೆ ಬರುತ್ತಿದ್ದೆ.

ಕೆಳಗಿನ ಮಿಕ್ಸಿ ಮತ್ತೆ ತಿರುಗಲಿಲ್ಲ. ಅಮ್ಮ ಪ್ರಯಾಣ ಮುಂದೂಡಿದ್ದರು, ಆದರೆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಮಗು ಕೇಳಿದರೂ ನೀರು ಕೊಡುತ್ತಿರಲಿಲ್ಲ. "ನಿಮ್ಮಮ್ಮನ್ನ ಕೇಳು ಹೋಗು" ಎನ್ನುತ್ತಿದ್ದರಂತೆ. ರಾತ್ರಿಯೆಲ್ಲ ಸೋಫಾದ ಮೇಲೆ ಕೂತು ಮಗುವಿನ ಉಸಿರು ಎಣಿಸುತ್ತಾರೆ ಎಂದು ಅಕ್ಕ ಹೇಳಿದರು. ಮೇಲೆ ನಾನು, ಕೆಳಗೆ ಅವರು, ಒಂದೇ ಕತ್ತಲೆಯಲ್ಲಿ ಎಚ್ಚರವಾಗಿರುತ್ತಿದ್ದೆವು.

ಹೊಸ ವರ್ಷ ಕಳೆದು, ಒಂದು ಭಾನುವಾರ, ಲೋಟಗಳು ಅದುರುವ ಸದ್ದಿಗೆ ಎಚ್ಚರವಾಯಿತು. ಎದ್ದು ಕೂತೆ. ಮಿಕ್ಸಿ ತಿರುಗಿ ನಿಂತಿತು, ಮತ್ತೆ ತಿರುಗಿತು. ಕೆಳಗಿನಿಂದ ಹುಡುಗಿಯ ಕೂಗು ಕೇಳಿಸಿತು: "ಅಜ್ಜಿ, ಚಟ್ನಿಗೆ ಖಾರ ಹಾಕ್ಬೇಡ!" ಅದಕ್ಕೆ ಅಮ್ಮನ ಗಂಟಲು: "ಸುಮ್ನೆ ಕೂರೇ! ಮೊದ್ಲು ನಾನು ತಿಂತೀನಿ, ಆಮೇಲೆ ನೀನು."

ಕಿಟಕಿಯ ಪರದೆ ಸರಿಸಿದೆ. ಹಿಮದ ಮೇಲೆ ಬಿಸಿಲು ಬಿದ್ದಿತ್ತು. ಹಾಸಿಗೆಗೆ ಹೋದಾಗ ಹಚ್ಚಿದ್ದ ದೀಪ ಇನ್ನೂ ಉರಿಯುತ್ತಲೇ ಇತ್ತು. ಆ ರಾತ್ರಿ ನಾನು ಒಂದು ಸಲವೂ ಎದ್ದಿರಲಿಲ್ಲ.