ಮಾಳವ್ವ ನನ್ನನ್ನು ಎಬ್ಬಿಸಿ ನಡೆಸಿದ ದಿನ

೧೯೮೩ರ ಬೇಸಿಗೆ. ಆಗ ನಾವು ಇಳಕಲ್ಲಿನಲ್ಲಿದ್ದೆವು. ನನಗೆ ನಲವತ್ತೊಂದು ವರ್ಷ, ತೂಕ ತೊಂಬತ್ತು ಕಿಲೋ ದಾಟಿತ್ತು. ಎರಡು ವರ್ಷದಿಂದ ವಿಪರೀತ ರಕ್ತಸ್ರಾವ. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಪರೀಕ್ಷಿಸಿದ ಡಾಕ್ಟರಮ್ಮ, ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ತೆಗೆಯಲೇಬೇಕು ಎಂದರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕಷ್ಟ ಶುರುವಾದದ್ದು ಆಮೇಲೆ. ಪಕ್ಕದ ಮಂಚದಲ್ಲಿದ್ದ ಗುಡೂರಿನ ಹೆಣ್ಣುಮಗಳಿಗೂ ಅದೇ ದಿನ ಅದೇ ಆಪರೇಷನ್ ಆಗಿತ್ತು. ಕಡ್ಡಿಯಂತಿದ್ದ ಆಕೆ ಮರುದಿನವೇ ಎದ್ದು ಓಡಾಡಿದಳು. ನನಗೆ ಮಗ್ಗುಲು ಬದಲಿಸಲೂ ಮೂವರು ಬೇಕಾಗುತ್ತಿದ್ದರು.

"ದಪ್ಪ ಇದ್ದವ್ರು ಮಲಗೇ ಇದ್ರ ಎದಿಯಾಗ ಕಫ ಕಟ್ಟತೈತಿ, ಕಾಲಾಗ ರಕ್ತ ಹೆಪ್ಪುಗಟ್ಟತೈತಿ. ಏಳ್ರಿ!" ಎಂದು ಡಾಕ್ಟರಮ್ಮ ಗದರಿಸುತ್ತಿದ್ದರು. ನಾನು ನೋವಿನ ನೆಪ ಹೇಳುತ್ತಿದ್ದೆ. ನಿಜವಾದ ಕಾರಣ ನಾಚಿಕೆ. ಮೊದಲ ಸಲ ಎಬ್ಬಿಸಿದಾಗ ಬಾಗಿಲಲ್ಲಿ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕಿದ್ದರು.

ಮೂರನೆಯ ದಿನ, ಪಕ್ಕದ ಮಂಚದವಳ ಅತ್ತೆ ಮಾಳವ್ವ ನನ್ನ ಬಳಿ ಬಂದರು. ಕುರಿ ಸಾಕುವ ಮನೆತನದ, ಎತ್ತರದ ಗಟ್ಟಿ ಹೆಂಗಸು.

"ಯವ್ವಾ, ನೋಯ್ತೈತಂತ ಅಂಜ್ತೀಯೋ, ಮಂದಿ ನೋಡ್ತಾರಂತ ಅಂಜ್ತೀಯೋ?"

ನನಗೆ ಅಳು ಬಂತು. "ಮಂದಿಗೆ" ಎಂದೆ.

"ಹಂಗಾರ ಏಳು. ಮಂದೀನ ನಾ ನೋಡ್ಕೋತೇನಿ."

ನರ್ಸನ್ನು ಒಂದು ಬದಿಗೆ ನಿಲ್ಲಿಸಿ, ನನ್ನ ಇನ್ನೊಂದು ಕೈಯನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. ರೋಗಿಗಳನ್ನು ನೋಡಲು ಜನ ಬರುವ ಹೊತ್ತು. ಇಬ್ಬರು ನನ್ನನ್ನೇ ನೋಡುತ್ತ ನಿಂತರು. "ಏನ್ ನೋಡ್ತೀರಿ? ದಾರಿ ಬಿಡ್ರಿ, ನನ್ನ ಮಗಳು ಬರಾಕತ್ಯಾಳ!" ಎಂದರು ಮಾಳವ್ವ. ನಾನು ಕಿಟಕಿಯವರೆಗೆ ಹೋಗಿ ಬಂದೆ.

ಎಂಟನೆಯ ದಿನ ಹೊಲಿಗೆ ಬಿಚ್ಚಿದಾಗ ನನ್ನ ಗಾಯ ಒಂದು ಕಡೆ ಬಿಟ್ಟುಕೊಂಡು ನೀರು ಸೋರತೊಡಗಿತು. ನಡೆದಿದ್ದಕ್ಕೇ ಹೀಗಾಯಿತೆಂದು ಗಾಬರಿಯಾದೆ.

"ನಡದಿದ್ದಕ್ಕಲ್ರಿ" ಎಂದರು ಡಾಕ್ಟರಮ್ಮ. "ಹೊಟ್ಟಿ ಮ್ಯಾಲ ಕೊಬ್ಬು ಭಾಳ ಇದ್ರ ಗಾಯ ಕೂಡಾಕ ತಡ ಆಗ್ತೈತಿ. ಆದ್ರ ಕೂಡೇ ಕೂಡತೈತಿ. ನಡಿಯೋದು ಬಿಡಬ್ಯಾಡ್ರಿ."

ಅದೇ ದಿನ ಗುಡೂರಿನವರು ಮನೆಗೆ ಹೊರಟರು. ನಾನು ಯಾರನ್ನೂ ಕರೆಯದೆ ಎದ್ದೆ. ಗೋಡೆ ಹಿಡಿದು, ಅವರನ್ನು ಕಳಿಸಲು ಆಸ್ಪತ್ರೆಯ ಮೆಟ್ಟಿಲವರೆಗೂ ಹೋದೆ. ಮಾಳವ್ವ ಗಂಟು ಕೆಳಗಿಟ್ಟು ನನ್ನ ಕೆನ್ನೆ ಸವರಿದರು. "ಇಷ್ಟ ನೋಡಬೇಕಿತ್ತು ನೋಡು ನನಗ" ಎಂದರು.

ನನ್ನ ಗಾಯ ಪೂರ್ತಿ ಮಾಯಲು ಮತ್ತೆ ಮೂರು ವಾರ ಹಿಡಿಯಿತು. ಊರಿಗೆ ಬಂದ ಮೇಲೂ ದಿನಾ ಸಂಜೆ ನಡೆಯುವುದನ್ನು ಬಿಡಲಿಲ್ಲ. ತೂಕ ಒಂದಿಷ್ಟು ಇಳಿದಿದೆ, ತೆಳ್ಳಗೇನೂ ಆಗಿಲ್ಲ. ಆದರೆ ಬೀದಿಯಲ್ಲಿ ನನ್ನ ಬೆನ್ನ ಹಿಂದೆ ಯಾರಾದರೂ ನಕ್ಕರೆ ಈಗ ತಿರುಗಿ ನೋಡುವುದಿಲ್ಲ. ನಡೆಯುತ್ತಲೇ ಇರುತ್ತೇನೆ.