ಆಣೆ ಕೇಳದ ಹೊಳೆಪ್ಪ

ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಳೆಪ್ಪನ ಅಂಗಳದಲ್ಲಿ ಆಗಲೇ ಪುಂಡಿನಾರಿನ ಹಗ್ಗ ಹುರಿಗೊಳ್ಳುತ್ತಿದೆ. ಒಂದು ತುದಿ ಅವನ ಕೈಯಲ್ಲಿ. ಇನ್ನೊಂದು ತುದಿ ಹಿಡಿದವನು ಮೊನ್ನೆಯಷ್ಟೇ ಸಾರಾಯಿ ಬಿಟ್ಟವನು, ಹಗ್ಗ ಮತ್ತೆ ಮತ್ತೆ ಜಾರುತ್ತಿದೆ. ಅವನ ಹೆಸರು ಬರೆಯಕೂಡದೆಂದು, ಪತ್ರಿಕೆಗೆ ಬರೆಯಲು ಬಂದ ನನಗೆ ಹೊಳೆಪ್ಪನ ಕಟ್ಟಪ್ಪಣೆ.

"ಹಿಡಿಯೋ ತಮ್ಮಾ. ಜಾರಿದ್ರ ಜಾರ್ಲಿ, ಮತ್ತ ಹಿಡಿಯೂಣಂತ" ಎನ್ನುತ್ತಾನೆ.

ಹೊಳೆಪ್ಪ ಸಾಮಾನ್ಯ ಕುಡುಕನಾಗಿರಲಿಲ್ಲ; ಹೆಂಡತಿ ಕೆಂಚವ್ವನ ತಾಳಿಯನ್ನೂ ಸಾರಾಯಿ ಅಂಗಡಿಗೆ ಹಾಕಿ ಬಂದವನು. ತಾನು ಬಿಟ್ಟ ಮೇಲೆ, ಬಿಡಲು ಒದ್ದಾಡುವವರನ್ನು ಹಗ್ಗದ ಕೆಲಸಕ್ಕೆ ಕೂಡಿಸಿಕೊಳ್ಳುತ್ತಾನೆ. ಊರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಆಣೆಯನ್ನಂತೂ ಕೇಳುವುದೇ ಇಲ್ಲ.

ಆಣೆ ಮಾಡಿಸುವ ದೊಡ್ಡ ಮನುಷ್ಯರು ಬೇರೆ ಇದ್ದಾರಲ್ಲ! ಮುಂಬಯಿ ಸರಕಾರ ಪಾನನಿಷೇಧದ ಮಾತೆತ್ತಿದ್ದೇ ತಡ, ಇಲ್ಲೊಂದು ಸಮಿತಿ ಹುಟ್ಟಿತು. ಅಧ್ಯಕ್ಷ ಬಸವಣ್ಣೆಪ್ಪನವರು ಕಳೆದ ತಿಂಗಳು, ಈಗ ಹಗ್ಗದ ತುದಿ ಹಿಡಿದಿರುವ ಇದೇ ಬಡಪಾಯಿಯನ್ನು ಗುಡಿಕಟ್ಟೆ ಹತ್ತಿಸಿ, ಊರೆದುರು ದೇವರ ಅರಿಸಿನದ ಭಂಡಾರ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದರು. ಚಪ್ಪಾಳೆಯೋ ಚಪ್ಪಾಳೆ. ಹಾರ ಮಾತ್ರ ಅಧ್ಯಕ್ಷರ ಕೊರಳಿಗೆ.

ವಾರದೊಳಗೆ ಅವನು ಮತ್ತೆ ಕುಡಿದ. ಭಂಡಾರದ ಆಣೆ ಮುರಿದವನು ಮನೆಯ ಹೊಸ್ತಿಲು ತುಳಿದರೆ ಮಕ್ಕಳಿಗೆ ಕೇಡಾಗುತ್ತದೆಂದು ಹೆದರಿ, ಹೊಳೆದಂಡೆಯ ಕಬ್ಬಿನಲ್ಲಿ ಅನ್ನ ನೀರು ಬಿಟ್ಟು ಕೂತುಬಿಟ್ಟ. ಸಮಿತಿಯವರು ಒಬ್ಬರಾದರೂ ಹುಡುಕಿದರೇ? ಥೂ! ಆ ಚಪ್ಪಾಳೆಗಳಿಗೆ ಬೆಂಕಿ ಹಾಕಬೇಕು. ಹುಡುಕಿ ಕರೆತಂದವನು ಹೊಳೆಪ್ಪ.

"ನಾ ಅವಂಗ ಬೈಲಿಲ್ರಿ. ಬಾಜೂ ಕುಂತು, ಬಿಟ್ಟ ಮ್ಯಾಲ ನಾನೂ ಎರಡ ಸಲ ಬಿದ್ದೇನಿ ಅಂದೆ. ಅಳಾಕ ಹತ್ತಿದ. ಆಮ್ಯಾಲ ಎದ್ದು ಬಂದ."

ಮಾತು ಮುಗಿಯುವುದರೊಳಗೆ ಅಧ್ಯಕ್ಷರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಗೋಕಾಕದ ಸಭೆಯಲ್ಲಿ ಓದಿ ಹೇಳಲು, ಇಲ್ಲಿಗೆ ಬರುವವರ ಹೆಸರು ಬೇಕಂತೆ.

"ಕೊಡದಿದ್ರ, ಕುಡುಕರನ್ನ ಸಾಕ್ಯಾನ ಅಂತ ಊರಿಗೆಲ್ಲಾ ಹೇಳ್ತೇನಿ ನೋಡ" ಎಂದು ಗದರಿಸುತ್ತಾರೆ.

ಹಗ್ಗ ಹಿಡಿದವನು ಅಧ್ಯಕ್ಷರ ದನಿ ಕೇಳಿದೊಡನೆಯೇ ಗೋಡೆಯ ಮರೆಗೆ ಸರಿದಿದ್ದಾನೆ. ಆಣೆ ಮುರಿದವನೆಂದು ಇವತ್ತು ಹೆಸರು ಹೊರಬಿದ್ದರೆ ಇವನು ಮತ್ತೆ ಕಬ್ಬಿನೊಳಗೇ ಹೋಗುತ್ತಾನೆ, ಈ ಸಲ ತಿರುಗಿ ಬರುವುದಿಲ್ಲ. ಹೊಳೆಪ್ಪನಿಗೆ ಅದು ಗೊತ್ತು, ಮೈ ಉರಿಯುತ್ತದೆ.

"ಬರ್ಕೋರಿ ಸಾವಕಾರ್ರ. ಹೊಳೆಪ್ಪ, ಕುಡುಕ. ಬೇಕಾದ್ರ ಡಂಗುರ ಹೊಡಸ್ರಿ. ಉಳದವರ ಹೆಸರು ನಂದಲ್ರಿ ಕೊಡಾಕ."

ಅಧ್ಯಕ್ಷರು ಬುಸುಗುಡುತ್ತಾ ಹೋಗುತ್ತಾರೆ. ಊರಲ್ಲಿ ಏನೇನು ಹಬ್ಬಿಸುತ್ತಾರೋ! ನಿನಗೇನು ಬೇಕಪ್ಪಾ ಎಂದು ನಾನು ಕೇಳಿದರೆ ಹೊಳೆಪ್ಪ ತಲೆ ಎತ್ತದೆ ಹೇಳುತ್ತಾನೆ:

"ನನಗೇನ ಬೇಕ್ರಿ? ನಿನ್ನಿ ಬಿದ್ದಂವ ಇವತ್ತ ಮುಂಜಾನಿ ನಾಚ್ಕೊಳ್ಳದ ಈ ಬಾಗಲಾ ದಾಟಿ ಬರಬೇಕು. ಅಷ್ಟ."